ಬಯಾಸ್ ತಪ್ಪನ್ನು ಲಿನಕ್ಸ್ ಯಾಕೆ ಸಹಿಸಬೇಕು?

ಪ್ರಶ್ನೆ: ಲಿನಕ್ಸ್ ಶುರುವಾಗುವಾಗ ಓದುವ ಬೂಟ್ ಸಾಲಿಗೆ 'ಎಸಿಪಿಐ=ಸ್ಟ್ರಿಕ್ಟ್' (ಎಸಿಪಿಐ ಅಂದರೆ ಬ್ಯಾಟರಿ, ವಿದ್ಯುತ್ ಇತ್ಯಾದಿಗಳ ಬಗ್ಗೆ ಬಯಾಸ್ ಮತ್ತು ಆಪರೇಟಿಂಗ್ ಸಿಸ್ಟಂ ಮಾತಾಡಿಕೊಳ್ಳುವ ನಿಯಮಗಳು; ಸ್ಟ್ರಿಕ್ಟ್ ಅಂದರೆ ಅವನ್ನು ಕಟ್ಟುನಿಟ್ಟಾಗಿ ನೋಡು ಅಂತ) ಸೇರಿಸಿದರೆ ನನ್ನ ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಎಷ್ಟಿದೆ ಅಂತ ತೋರಿಸುವುದೇ ಇಲ್ಲ. ತೆಗೆದರೆ ಸರಿಹೋಗುತ್ತದೆ. ತಪ್ಪು ಬಯಾಸ್‌ನದ್ದೇ (ಆನ್ ಮಾಡಿದೊಡನೆ ಓಡುವ, ತಯಾರಕರು ಯಂತ್ರದಲ್ಲೇ ಹಾಕಿಕೊಟ್ಟ ತಂತ್ರಾಂಶದ್ದೇ) ಅಲ್ವಾ?

ಉತ್ತರ: ಬಯಾಸ್‌ನದ್ದೇ. ಆದರೆ ತೊಂದರೆ ನಿಮಗೆ. ಎಷ್ಟೋ ಬಯಾಸ್‌ಗಳಲ್ಲಿ ಮೆಥಡ್ (ಲಿನಕ್ಸ್ ಕೇಳಿದ್ದಕ್ಕೆ ಉತ್ತರ ಕೊಡುವ ಪುಟ್ಟ ಕೋಡ್) ಕೊನೆಗೆ 'ರಿಟರ್ನ್', ಅಂದರೆ ಉತ್ತರ ವಾಪಸ್ ಕೊಡುವ ಆಜ್ಞೆ, ಬರೆಯುವುದನ್ನೇ ಬಿಟ್ಟಿರುತ್ತಾರೆ. ಲಿನಕ್ಸ್‌ನ ತಿರುಳಾದ ಕರ್ನಲ್ ಆಗ ಕೊನೆಯ ಲೆಕ್ಕದ ಬೆಲೆಯನ್ನೇ ಉತ್ತರ ಅಂದುಕೊಳ್ಳುತ್ತದೆ. ಸ್ಟ್ರಿಕ್ಟ್ ಹಾಕಿದರೆ ಈ ಸಡಿಲಿಕೆ ಇಲ್ಲ, ಹಾಗಾಗಿ ಉತ್ತರವೂ ಸಿಗುವುದಿಲ್ಲ. ಇನ್ನೊಂದು ವಿಷಯ: "ನೀನು ವಿಂಡೋಸಾ?" ಅಂತ ಬಯಾಸ್ ಕೇಳಿದರೆ ಲಿನಕ್ಸ್ ಹೌದು ಅನ್ನುತ್ತದೆ. "ಲಿನಕ್ಸಾ?" ಅಂದರೆ ಕರ್ನಲ್‌ನ 2.6.23ನೇ ಆವೃತ್ತಿಯಿಂದ ಈಚೆಗೆ ಇಲ್ಲ ಅನ್ನುತ್ತದೆ! ತಯಾರಕರು ಜಾಸ್ತಿ ಪರೀಕ್ಷೆ ಮಾಡುವುದು ವಿಂಡೋಸ್‌ನಲ್ಲೇ. ಹಾಗಾಗಿ ಇದೇ ಸರಿ ಅನ್ನುತ್ತೇನೆ.

ಪ್ರಶ್ನೆ ಕೇಳಿದವರು: ಮತ್ತೆ ಸ್ಟ್ರಿಕ್ಟ್ ಯಾರಿಗೆ ಸಾರ್?

ಉತ್ತರ: ಬಯಾಸ್ ಬರೆಯುವವರಿಗೆ. ಮಾರಾಟಕ್ಕೆ ಬಿಡುವ ಮೊದಲು ಅವರು ಅದನ್ನು ಹಾಕಿ ನೋಡಲೇಬೇಕು. ನೀವು ತೆಗೆದುಬಿಡಿ. ಲಾಗ್‌ನಲ್ಲಿ (ಕರ್ನಲ್ ಬರೆದಿಡುವ ದಾಖಲೆಯಲ್ಲಿ) ಎಸಿಪಿಐ ಎರರ್ ಸಾಲುಗಳಿದ್ದರೆ ಇಲ್ಲಿ ಹಾಕಿ, ನೋಡೋಣ.