ಟವರಿನ ಜಾಗ ಹುಡುಗನ ಜಾಗ ಅಲ್ಲ
ಪುಟ್ಟಿ, ಗಾಬರಿಯಾಗಬೇಡಮ್ಮ. ಹುಡುಗ ಎತ್ತಿನಭುಜ ಬೆಟ್ಟ ಹತ್ತೋಕೆ ಹೋಗಿದ್ದಾನೆ, ಮಧ್ಯಾಹ್ನದಿಂದ ಸ್ವಿಚ್ ಆಫ್ ಬರುತ್ತಿದೆ, ಟವರ್ ನೋಡಿ ಎಲ್ಲಿದ್ದಾನೆ ಅಂತ ಹೇಳೋಕಾಗಲ್ವಾ ಅಂತ ಕೇಳಿದ್ದೀಯ. ಪೊಲೀಸರು ಹೇಳುತ್ತಾರೆ. ಆದರೆ ಅವರು ಹೇಳೋದು ಫೋನು ಕೊನೆಗೆ ಹಿಡಿದ ಟವರನ್ನು. ಅದನ್ನೇ ಹುಡುಗ ಇರೋ ಜಾಗ ಅಂದುಕೊಳ್ಳಬೇಡ.

ನಮ್ಮ ಚಿಕ್ಕಣ್ಣನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಆ ಮಳೆಗಾಲ ಚಾರ್ಮಾಡಿಯಲ್ಲಿ ಜೀಪು ಕೆಟ್ಟು ರಾತ್ರಿಯಾದರೂ ಮನೆಗೆ ಬರಲಿಲ್ಲ. ಕೊನೆಯ ಟವರ್ ಬೆಳ್ತಂಗಡಿ ಕಡೆಯದು ಅಂದರು. ನಾನು, ಭಾವ ಘಟ್ಟ ಇಳಿದು ಕಕ್ಕಿಂಜೆಯಲ್ಲಿ ಮುಚ್ಚಿದ ಅಂಗಡಿಗಳ ಬಾಗಿಲು ಬಡಿದೆವು. ಚಿಕ್ಕಣ್ಣ ಇದ್ದದ್ದು ಮೇಲೆ, ಕೊಟ್ಟಿಗೆಹಾರದ ಹತ್ತಿರ ಎಸ್ಟೇಟಿನ ಲೈನ್ ಮನೆಯಲ್ಲಿ, ಒದ್ದೆ ಪಂಚೆಯನ್ನು ಒಲೆ ಮುಂದೆ ಹಿಡಿದುಕೊಂಡು! ಘಟ್ಟದ ತಿರುವಿನಲ್ಲಿ ನಿಂತರೆ ಕೆಳಗಿನ ಟವರಿಗೆ ನೇರ ದಾರಿ, ಪಕ್ಕದ ಟವರಿಗೆ ಗುಡ್ಡ ಅಡ್ಡ. ಫೋನು ಹಿಡಿಯೋದು ಜೋರಾಗಿ ಸಿಕ್ಕಿದ್ದನ್ನು. ಅಲ್ಲೇ ಚಾರ್ಜ್ ಮುಗಿದಿದೆ, ಇವನು ಮೇಲಕ್ಕೆ ನಡೆದಿದ್ದಾನೆ.

ಬೆಂಗಳೂರಲ್ಲಾದರೆ ಸುತ್ತ ಟವರುಗಳು, ಮೂರರಿಂದ ದೂರ ಅಳೆದರೆ ಜಾಗ ಸಿಗುತ್ತದೆ. ನಮ್ಮ ಕಾಡಲ್ಲಿ ಒಂದೇ. ಟವರಿನ ಯಾವ ಮಗ್ಗುಲು, ಎಷ್ಟು ದೂರ, ಅಷ್ಟೇ ಗೊತ್ತಾಗೋದು. ಆ ದೂರವೂ 2ಜಿಯಲ್ಲಿ ಸುಮಾರು 550 ಮೀಟರಿನ ಹೆಜ್ಜೆಯಲ್ಲಿ, ಅದಕ್ಕಿಂತ ಸರಿಯಾಗಿ ಗೊತ್ತಾಗಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಟವರ್ ಬೆಟ್ಟದ ಕೆಳಗಿನ ಶಿಶಿಲದ ಕಡೆ ಅಂದರು ಅಂತ ಎಲ್ಲರೂ ಅಲ್ಲಿಗೆ ಓಡಬೇಡಿ.

ನಮ್ಮೂರ ಟವರ್ ನೆಟ್ಟಗಿದ್ದರೂ ಆಗುತ್ತಿತ್ತು. ಕರೆಂಟ್ ಹೋದ ಹತ್ತು ನಿಮಿಷಕ್ಕೆ ಅದೂ ಸಾಯುತ್ತದೆ. ಬ್ಯಾಟರಿ ಹಾಳಾಗಿದೆ, ಜನರೇಟರಿಗೆ ಡೀಸೆಲ್ ಹಾಕೋರಿಲ್ಲ. ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಯಿತು. ರೀಚಾರ್ಜ್ ಮುಗಿದರೆ ಮಾತ್ರ ಬೆಳಗಾಗೋದರೊಳಗೆ ಕಟ್. ಬಾಣಂತಿ ಇರೋ ಮನೆಯವರೂ ಫೋನ್ ಮಾಡೋಕೆ ಗುಡ್ಡ ಹತ್ತಬೇಕು, ಇದು ನ್ಯಾಯವಾ?

ಹಾಂ ಪುಟ್ಟಿ, ಈಗ ಮಾಡಬೇಕಾದ್ದು ಕೇಳು. ಮೊದಲು 112ಕ್ಕೆ ಫೋನ್ ಮಾಡು. ಬೈರಾಪುರದ ಕಡೆಯಿಂದ ಹತ್ತಿದ್ದಾ, ಶಿಶಿಲದ ಕಡೆಯಿಂದಲಾ, ಕೊನೆಗೆ ಮಾತಾಡಿದ ಹೊತ್ತು, ಶರ್ಟಿನ ಬಣ್ಣ, ಎಲ್ಲ ಹೇಳು. ಅವನ ಗೂಗಲ್ ಅಕೌಂಟ್ ಮನೆಯ ಲ್ಯಾಪ್‌ಟಾಪಲ್ಲಿ ಓಪನ್ ಇದ್ದರೆ ಫೋನ್ ಹುಡುಕೋ ಪೇಜಲ್ಲಿ ಕೊನೆಯ ಲೊಕೇಶನ್ ನೋಡು. ಜಿಪಿಎಸ್ ಹಿಡಿದಿದ್ದರೆ ಅದು ಟವರಿಗಿಂತ ಎಷ್ಟೋ ವಾಸಿ. ಜೊತೆಗೆ ಹೋದ ಹುಡುಗರಿಗೆಲ್ಲ ಎಸ್ಸೆಮ್ಮೆಸ್ ಹಾಕು, ಸಿಗ್ನಲ್ ಬಂದಾಗ ತಲುಪುತ್ತದೆ. ಅವರೂ 112 ಒತ್ತಲಿ. ತಮ್ಮ ಸಿಮ್ಮಿಗೆ ನೆಟ್‌ವರ್ಕ್ ಇಲ್ಲದಿದ್ದರೂ ಬೇರೆ ಕಂಪನಿ ಟವರ್ ಸಿಕ್ಕರೆ ಆ ಕರೆ ಹೋಗುತ್ತದೆ. ಭಾವ ಜೀಪು ತೆಗೆಯುತ್ತಿದ್ದಾರೆ, ಯಾವ ಕಡೆಯಿಂದ ಹತ್ತಿದ್ದು ಅಂತ ಬೇಗ ಹೇಳು.