ಪದಚರ್ಚೆ: ಭ್ರೂಣದ ‘ಗ್ರೇಡ್’ ಅಂದರೆ ‘ಆರೋಗ್ಯ’ವೇ?

ಎಲ್ಲರಿಗೂ ನಮಸ್ಕಾರ.

ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಗರ್ಭಕೋಶದಲ್ಲಿಡುವ ಚಿಕಿತ್ಸೆ) ಮಾಡಿಸಿಕೊಳ್ಳುವ ದಂಪತಿಗಳಿಗೆ ಕನ್ನಡದಲ್ಲಿ ಒಂದು ಮಾಹಿತಿಪತ್ರ ಬರೆಯುತ್ತಿದ್ದೇನೆ. ಯಾವ ಭ್ರೂಣವನ್ನು ಗರ್ಭಕೋಶದಲ್ಲಿಡುವುದೆಂದು ಆರಿಸಲು ಸೂಕ್ಷ್ಮದರ್ಶಕದ ಚಿತ್ರ ನೋಡಿ ಅದಕ್ಕೆ ಗ್ರೇಡ್ ಕೊಡುತ್ತಾರಲ್ಲ, ಆ ಭಾಗಕ್ಕೆ ಬಂದು ನಿಂತಿದ್ದೇನೆ. ‘ಆರೋಗ್ಯವಂತ ಭ್ರೂಣ’, ‘ಕಳಪೆ ಭ್ರೂಣ’ ಅಂತ ಬರೆದುಬಿಡುವುದು ಸುಲಭ. ಆದರೆ ಎರಡೂ ಓದುವವರ ದಾರಿ ತಪ್ಪಿಸುತ್ತವೆ.

ಚಿತ್ರದಲ್ಲಿ ಕಾಣುವುದು ಇಷ್ಟು: ಮೂರನೇ ದಿನಕ್ಕೆ ಸುಮಾರು ಎಂಟು ಜೀವಕೋಶಗಳಾಗಿವೆಯೇ, ಅವು ಒಂದೇ ಗಾತ್ರದಲ್ಲಿವೆಯೇ, ನಡುವೆ ಒಡೆದ ಚೂರುಗಳೆಷ್ಟು. ಐದನೇ ದಿನಕ್ಕೆ ಒಳಗೆ ದ್ರವ ತುಂಬಿ ಭ್ರೂಣ ಉಬ್ಬಿರುತ್ತದೆ. ಒಂದು ಬದಿಗೆ ಮಗುವಾಗಬೇಕಾದ ಕೋಶಗಳ ಗುಂಪು, ಸುತ್ತಲೂ ಮಾಸು ಆಗಬೇಕಾದ ಪದರ. ವರದಿಯಲ್ಲಿ ‘4ಎಬಿ’ ಅಂತಿದ್ದರೆ 4 ಎಷ್ಟು ಉಬ್ಬಿದೆ ಎನ್ನುವುದಕ್ಕೆ, ಎ ಒಳಗಿನ ಗುಂಪಿಗೆ, ಬಿ ಹೊರಪದರಕ್ಕೆ. ವರ್ಣತಂತುಗಳು ಈ ಚಿತ್ರದಲ್ಲಿ ಎಣಿಕೆಗೆ ಸಿಗುವುದಿಲ್ಲ. ಹಾಗಾಗಿ ಎಎ ಬಂದ ಭ್ರೂಣದಲ್ಲೂ ಅವುಗಳ ಸಂಖ್ಯೆ ತಪ್ಪಿರಬಹುದು, ಬಿಬಿ ಬಂದದ್ದು ಗಟ್ಟಿಮುಟ್ಟಾದ ಮಗುವಾಗಿ ಹುಟ್ಟಬಹುದು. ಇನ್‌ಕ್ಯುಬೇಟರ್‌ ಒಳಗೇ ಕ್ಯಾಮೆರಾ ಇಟ್ಟು ನಿಮಿಷಗಳ ಅಂತರದಲ್ಲಿ ಚಿತ್ರ ತೆಗೆಯುವ ಟೈಮ್‌ಲ್ಯಾಪ್ಸ್ ಕೂಡ ಇದೆ. ಅದನ್ನು ಬಳಸಿ ಆರಿಸಿದರೂ ಮಗು ಹುಟ್ಟುವ ಸಾಧ್ಯತೆ ಹೆಚ್ಚಲಿಲ್ಲ ಎಂದು 2024ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಬ್ರಿಟನ್–ಹಾಂಗ್‌ಕಾಂಗ್ ಅಧ್ಯಯನ ಹೇಳಿತು.

‘ಕಳಪೆ’ ಎಂದು ಓದಿದ ಹೆಂಗಸಿಗೆ ಮೊದಲು ಬರುವ ಭಯ, ಹುಟ್ಟುವ ಮಗುವಿಗೇ ಏನಾದರೂ ಊನವಿದ್ದೀತೇ ಎಂದು. ಆ ಭಯವನ್ನು ನಮ್ಮ ಪದ ಹುಟ್ಟಿಸಬಾರದು. ‘ದರ್ಜೆ’ಗೂ ‘ಮೂರನೇ ದರ್ಜೆ’ಯ ನೆರಳಿದೆ. ಎಲ್ಲರ ಬಾಯಲ್ಲಿರುವ ‘ಗ್ರೇಡ್’ ಅನ್ನೇ ಉಳಿಸಿ, ‘ಬೆಳವಣಿಗೆ ಕಣ್ಣಿಗೆ ಕಂಡಂತೆ’ ಎಂದು ಬಿಡಿಸಿ ಬರೆಯುವುದು ವಾಸಿ ಅನಿಸುತ್ತಿದೆ.

ಇನ್ನೊಂದು ತೊಡಕು ‘ಭ್ರೂಣ’ದ್ದೇ. ನಮ್ಮ ಕಾನೂನಿನಲ್ಲಿ ಅಂಡಾಣು ವೀರ್ಯಾಣು ಕೂಡಿದಂದಿನಿಂದ 56 ದಿನಗಳವರೆಗೆ ಒಂದು ಹೆಸರು (ಎಂಬ್ರಿಯೊ), 57ನೇ ದಿನದಿಂದ ಇನ್ನೊಂದು (ಫೀಟಸ್). ಪತ್ರಿಕೆಗಳ ಕನ್ನಡದಲ್ಲಿ ಎರಡೂ ಭ್ರೂಣವೇ. ‘ಭ್ರೂಣಲಿಂಗ ಪತ್ತೆ ಅಪರಾಧ’ ಎಂಬ ಫಲಕವನ್ನು ಪ್ರತಿ ಸ್ಕ್ಯಾನಿಂಗ್ ಸೆಂಟರಿನಲ್ಲೂ ನೋಡಿದವರಿಗೆ ‘ಭ್ರೂಣದ ಆಯ್ಕೆ’ ಎಂದರೆ ಹೆಣ್ಣೋ ಗಂಡೋ ಆರಿಸುತ್ತಾರೆ ಅನಿಸಿದರೆ ತಪ್ಪೇನು? ‘ಪಿಂಡ’ ಎನ್ನೋಣವೆಂದರೆ ತಿಥಿಯ ಅನ್ನದುಂಡೆ ಕಣ್ಣಮುಂದೆ ಬರುತ್ತದೆ, ಮಗುವಿಗಾಗಿ ಕಾಯುತ್ತಿರುವವರ ಮುಂದೆ ಅದನ್ನಿಡಲು ಮನಸ್ಸು ಬಾರದು. ಸದ್ಯಕ್ಕೆ ‘ಐದು ದಿನದ ಭ್ರೂಣ’ ಎಂದು ದಿನ ಸೇರಿಸಿಯೇ ಬರೆಯುತ್ತಿದ್ದೇನೆ.

ಹೆರಿಗೆ ವಾರ್ಡಿನಲ್ಲಿ, ಲ್ಯಾಬಿನಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ, ಕನ್ನಡದಲ್ಲಿ ವಿವರಿಸುವಾಗ ನೀವು ಏನನ್ನುತ್ತೀರಿ? ಕೋಶಗಳ ನಡುವಿನ ಚೂರುಗಳಿಗೆ ‘ವಿಘಟನೆ’ ಬೇಡವೆಂದಿದ್ದೇನೆ, ಕೊಳೆತದ್ದು ಎಂಬ ಅರ್ಥ ಬರುತ್ತದೆ. ‘ಚೂರು’ ಸಾಕೇ, ತಿಳಿಸಿ.