‘ದೊಡ್ಡ ಟೈರ್’ ಎಂದರೆ ಯಾವ ಅಳತೆ ದೊಡ್ಡದು?

ಪ್ರಶ್ನೆ:

ಎಸ್‌ಯುವಿಗೆ ದೊಡ್ಡ ಚಕ್ರ ಹಾಕಿಸುವವರಿಗಾಗಿ ಒಂದು ಕೈಪಿಡಿ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಉದಾಹರಣೆಗೆ ತೆಗೆದುಕೊಂಡಿರುವ ಟೈರ್ 235/65 ಆರ್17. ಕರಡಿನಲ್ಲಿ 65ಕ್ಕೆ ‘ಟೈರಿನ ಎತ್ತರ’, ‘ಆರ್17’ಕ್ಕೆ ‘ತ್ರಿಜ್ಯ 17 ಅಂಗುಲ’, ರಿಮ್ (ಟೈರ್ ಕೂರುವ ಲೋಹದ ಚಕ್ರ) ಸೈಜಿಗೆ ‘ಚಕ್ರದ ಗಾತ್ರ’ ಎಂದಿದೆ. ಈ ಪದಗಳು ನಿಲ್ಲುತ್ತವೆಯೇ? ‘ಆಫ್‌ಸೆಟ್’ಗೂ ಕನ್ನಡ ಪದ ಬೇಕೇ?

ಉತ್ತರ:

ಮೂರನ್ನೂ ಬದಲಿಸಬೇಕು. ಓದಿದವರು ಇದನ್ನೇ ನಂಬಿ ಟೈರ್ ಕೊಂಡರೆ ತಪ್ಪು ಟೈರ್ ಮನೆಗೆ ಬರುತ್ತದೆ.

‘ಆರ್’ ಎಂದರೆ ರೇಡಿಯಲ್. ಟೈರಿನೊಳಗಿನ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಅಡ್ಡಲಾಗಿ ಹಾಯ್ದಿವೆ ಎಂಬುದಷ್ಟೇ ಅದರ ಅರ್ಥ. ಮುಂದಿನ 17 ರಿಮ್ಮಿನ ವ್ಯಾಸ, ಅಂಗುಲದಲ್ಲಿ. ತ್ರಿಜ್ಯ ಅಲ್ಲವೇ ಅಲ್ಲ.

‘ಟೈರಿನ ಎತ್ತರ’ ಎಂಬುದು ಇನ್ನೂ ಅಪಾಯದ ಪದ. 65 ಎನ್ನುವುದು ಉದ್ದದ ಅಳತೆಯಲ್ಲ, ಶೇಕಡಾವಾರು. ಟೈರಿನ ಅಗಲ 235 ಮಿ.ಮೀ., ಅದರ ಶೇ. 65 ಎಂದರೆ 152.75 ಮಿ.ಮೀ.; ಪಕ್ಕದ ಗೋಡೆಯ ಎತ್ತರ ಅಷ್ಟು. ಗೋಡೆ ಮೇಲೊಂದು ಕೆಳಗೊಂದು, ಹಾಗಾಗಿ ಎರಡರಷ್ಟು, ಅಂದರೆ 305.5, ಅದಕ್ಕೆ ರಿಮ್ಮಿನ 17 ಅಂಗುಲ, ಅಂದರೆ 431.8 ಸೇರಿಸಿದರೆ ಇಡೀ ಟೈರಿನ ಹೊರವ್ಯಾಸ 737.3 ಮಿ.ಮೀ. ರಿಮ್ ಬದಲಿಸುವಾಗ ಹೆಚ್ಚುಕಡಿಮೆ ಹೀಗೇ ಉಳಿಯಬೇಕಾದದ್ದು ಈ ಹೊರವ್ಯಾಸ. 65 ಅಲ್ಲ.

65 ‘ಎತ್ತರ’ ಎಂದು ತಿಳಿದವರು ರಿಮ್ ಮಾತ್ರ 18 ಮಾಡಿ 235/65 ಆರ್18 ಕೇಳುತ್ತಾರೆ. ಹೊರವ್ಯಾಸ 762.7ಕ್ಕೆ ಏರುತ್ತದೆ, ಶೇ. 3.4ರಷ್ಟು ಹೆಚ್ಚಳ. ಮೊದಲು ಸರಿಯಿದ್ದ ಸ್ಪೀಡೋಮೀಟರ್ 100 ತೋರಿಸುವಾಗ ಗಾಡಿ 103 ದಾಟಿರುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಗುಂಡಿಗಿಳಿದಾಗ ಟೈರ್ ಮಡ್‌ಗಾರ್ಡಿನ ಒಳಪದರಕ್ಕೆ ಉಜ್ಜುವ ಸಂಭವವೂ ಇದೆ. ಸರಿಯಾದ ಆಯ್ಕೆ 235/60 ಆರ್18 (739.2), ಅಗಲವೂ ಬೇಕೆಂದರೆ 255/55 ಆರ್18 (737.7). ಅಗಲ 255 ಮಾಡಿ 60 ಉಳಿಸಿಕೊಂಡರೆ ಮತ್ತೆ 763.2. 60 ಎಂಬ ಅಂಕಿ ಕದಲಲಿಲ್ಲ, ಆದರೂ ಗೋಡೆ ಸುಮಾರು 12 ಮಿ.ಮೀ. ಬೆಳೆಯಿತು. ‘ಎತ್ತರ’ ಎಂಬ ಪದ ಮುಚ್ಚಿಡುವುದು ಇದನ್ನೇ. ಆದ್ದರಿಂದ ‘ಗೋಡೆ ಅನುಪಾತ’ ಎನ್ನೋಣ. ಗ್ಯಾರೇಜಿನ ಮಾತಾದ ‘ಪ್ರೊಫೈಲ್’ ಕೂಡ ಮೊದಲ ಸಲ ಜೊತೆಗಿರಲಿ, ಅಂಗಡಿಯಲ್ಲಿ ಕೇಳಬೇಕಾದದ್ದು ಅದನ್ನೇ.

‘ಚಕ್ರದ ಗಾತ್ರ’ ಎಂದಾಗ ರಿಮ್ಮೋ, ಟೈರು ಸೇರಿದ ಇಡೀ ಚಕ್ರವೋ ತಿಳಿಯದು. ‘ರಿಮ್ ವ್ಯಾಸ’, ‘ರಿಮ್ ಅಗಲ’, ‘ಹೊರವ್ಯಾಸ’ ಎಂದು ಬಿಡಿಸಿ ಬರೆಯಿರಿ. ರಿಮ್ ಅಗಲವನ್ನು ಕೈಬಿಡಬೇಡಿ: 255/55 ಆರ್18 ಟೈರಿಗೆ 7ರಿಂದ 9 ಅಂಗುಲ ಅಗಲದ ರಿಮ್ ಬೇಕು. ರಿಮ್ ಕಿರಿದಾದರೆ ಗೋಡೆ ಹೊರಕ್ಕೆ ಉಬ್ಬಿ ತಿರುವಿನಲ್ಲಿ ಗಾಡಿ ತೇಲಿದಂತಾಗುತ್ತದೆ.

‘ಆಫ್‌ಸೆಟ್’ ಹಾಗೇ ಇರಲಿ, ಆದರೆ ವಿವರಣೆ ಬೇಕು. ರಿಮ್ಮಿನ ಅಗಲದ ನಡುಗೆರೆಗೂ ಹಬ್‌ಗೆ (ಗಾಡಿಯಲ್ಲಿ ರಿಮ್ಮನ್ನು ಬೋಲ್ಟ್ ಮಾಡುವ ಭಾಗ) ತಾಗುವ ಮೈಗೂ ನಡುವಿನ ದೂರ ಅದು. ರಿಮ್ಮಿನ ಮೇಲೆ ‘ಇಟಿ 45’ ಎಂದು ಮಿ.ಮೀ. ಲೆಕ್ಕದಲ್ಲಿ ಕೆತ್ತಿರುತ್ತಾರೆ. 7 ಅಂಗುಲದ ಇಟಿ 45 ತೆಗೆದು 8 ಅಂಗುಲದ ಇಟಿ 45 ಹಾಕಿದರೆ ಒಳಗೂ ಹೊರಗೂ 12.7 ಮಿ.ಮೀ. ಹೆಚ್ಚುತ್ತದೆ. ಅದೇ 8 ಅಂಗುಲದ್ದು ಇಟಿ 35 ಆದರೆ ಒಳಗೆ 2.7 ಮಾತ್ರ, ಹೊರಗೆ 22.7. ಅಂಕಿ ಇಳಿದರೆ ಚಕ್ರ ಹೊರಕ್ಕೆ ಸರಿಯುತ್ತದೆ ಎಂದು ಬಿಡಿಸಿ ಹೇಳಿ, ಬಹಳ ಜನ ತಿರುವುಮುರುವಾಗಿ ತಿಳಿದಿರುತ್ತಾರೆ. ಒಳಗೆ ಜಾಗ ಸಾಲದಿದ್ದರೆ ಚಕ್ರ ಸಸ್ಪೆನ್ಶನ್ ಸ್ಟ್ರಟ್ಟಿಗೆ (ಚಕ್ರದ ಒಳಬದಿಯ ಶಾಕ್ ಅಬ್ಸಾರ್ಬರ್ ಕಂಬ) ತಾಗುತ್ತದೆ. ಹೊರಗೆ ಮಿತಿ ಮೀರಿದರೆ ಹಬ್ ಬೇರಿಂಗಿನ ಮೇಲೆ ಹೊರೆ ಬೀಳುತ್ತದೆ.

ಇನ್ನೊಂದು ಉತ್ತರ:

ಮೇಲಿನ ಪದಗಳಿಗೆ ನನ್ನ ಒಪ್ಪಿಗೆ ಇದೆ. ‘ಗೋಡೆ ಅನುಪಾತ’ ಕೇಳಿದೊಡನೆ ಅರ್ಥವಾಗುತ್ತದೆ. ಸೇರಬೇಕಾದದ್ದು ‘ಭಾರ ಸೂಚ್ಯಂಕ’. ಅಳತೆಯ ಕೊನೆಗೆ ‘104 ಎಚ್’ ಎಂದಿದ್ದರೆ 104 ಕಿಲೋ ಎಂದಲ್ಲ. 104 ಎಂಬ ಸೂಚ್ಯಂಕ ಒಂದು ಟೈರಿಗೆ 900 ಕೆ.ಜಿ.ಯನ್ನೂ ‘ಎಚ್’ ಗಂಟೆಗೆ 210 ಕಿ.ಮೀ. ವೇಗದ ಮಿತಿಯನ್ನೂ ಸೂಚಿಸುತ್ತವೆ. ಹಾಗಾಗಿ ಬರಿಯ ‘ಭಾರ’ ಎಂದು ಬರೆಯುವಂತಿಲ್ಲ, ‘ಸೂಚ್ಯಂಕ’ ಬೇಕೇ ಬೇಕು. 235/60 ಆರ್18 ಟೈರಿನಲ್ಲಿ 103 (875 ಕೆ.ಜಿ.) ಕೂಡ ಸಿಗುತ್ತದೆ, 107 (975 ಕೆ.ಜಿ.) ಕೂಡ ಸಿಗುತ್ತದೆ, ಮೂಲ ಟೈರ್ 104 ಆಗಿದ್ದರೆ 107 ಮಾತ್ರ ಕೊಳ್ಳತಕ್ಕದ್ದು.

ಆ 107ರ ಪಕ್ಕದಲ್ಲಿ ‘ಎಕ್ಸ್‌ಎಲ್’ ಎಂದಿರುತ್ತದೆ. ಅಂಗಿಯ ಅಳತೆಯ ರೂಢಿಯಿಂದ ಅದನ್ನು ‘ಅತಿ ದೊಡ್ಡದು’ ಎಂದು ಅನುವಾದಿಸಬೇಡಿ. ಅದು ‘ಹೆಚ್ಚು ಭಾರ ಹೊರುವ’ ಟೈರ್. ಯುರೋಪಿನ ಮಾನಕದಲ್ಲಿ ಸಾಮಾನ್ಯ ಟೈರಿನ ಪೂರ್ಣ ಭಾರವನ್ನು 250 ಕಿಲೋಪಾಸ್ಕಲ್ ಒತ್ತಡದಲ್ಲಿ ಲೆಕ್ಕ ಹಾಕಿದರೆ ಇದರದ್ದನ್ನು 290ರಲ್ಲಿ. ಹಳೆಯ ಒತ್ತಡವನ್ನೇ ತುಂಬಿದರೆ ಎಕ್ಸ್‌ಎಲ್ ಟೈರ್ ಆ 975 ಕೆ.ಜಿ. ಹೊರುವುದಿಲ್ಲ; ಕೈಪಿಡಿಯಲ್ಲಿ ಈ ಮಾತು ಭಾರ ಸೂಚ್ಯಂಕದ ಸಾಲಿನ ಪಕ್ಕದಲ್ಲೇ ಇರಲಿ.